ಮಾವನ ಕೈಗೆ ಕೊಟ್ಟ ವರದಿ

ಶಾಂಭವಿಗೆ ಲೂಪಸ್ ಇತ್ತು, ದೇಹದ ರಕ್ಷಣಾ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ. ಅದರ ಜೊತೆಗೆ ರಕ್ತದಲ್ಲಿ ಪೊಟ್ಯಾಸಿಯಂ ಕುಸಿದು, ನಡೆಯುತ್ತಿದ್ದವಳು ಕಾಲು ಸೋತು ಬೀಳುತ್ತಿದ್ದಳು. ತೆಳ್ಳಗಾಗಲು ಅವಳು ಕದ್ದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುತ್ತಾಳೆ, ಪೊಟ್ಯಾಸಿಯಂ ಅದರಿಂದಲೇ ಇಳಿಯುತ್ತಿದೆ ಎಂದು ಡಾಕ್ಟರಾಗಿದ್ದ ಸೋದರಮಾವ ಎಲ್ಲರೆದುರು ಹೇಳಿದ. ಗಂಡ ಅದನ್ನೇ ನಂಬಿ, ಹುಚ್ಚಿ ಎಂದು ಬಿಟ್ಟುಹೋದ.

ಆರು ವರ್ಷಗಳ ಮೇಲೆ ಬೇರೊಂದು ಆಸ್ಪತ್ರೆಯಲ್ಲಿ ಜೀನ್ ಪರೀಕ್ಷೆಯಾಯಿತು. ವರದಿ ಹಿಡಿದು ಅವಳು ನೇರ ಮಾವನ ಕ್ಲಿನಿಕ್ಕಿಗೆ ನುಗ್ಗಿದಳು. ಹೊರಗೆ ಕೂತ ರೋಗಿಗಳಿಗೆ ಕೇಳಲೆಂದೇ ಬಾಗಿಲು ತೆರೆದಿಟ್ಟಳು.

"ಗಟ್ಟಿಯಾಗಿ ಓದಿ ಮಾವ. ಎಲ್ರಿಗೂ ಕೇಳ್ಲಿ."

"ಪೊಟ್ಯಾಸಿಯಂ ಮೂತ್ರದಲ್ಲಿ ಸೋರಿಹೋಗುವ ಮೂತ್ರಪಿಂಡದ ಕಾಯಿಲೆ. ವಂಶದಿಂದ ಬಂದದ್ದು," ಎಂದು ಅವನು ಓದಿದ.

"ಯಾರಿಂದ ಬಂತಂತೆ?"

"ಅಪ್ಪ ಅಮ್ಮ ಇಬ್ಬರಿಂದಲೂ."

"ಅಂದ್ರೆ ಒಳಗೊಳಗೇ ಮದುವೆಯಾಗೋ ನಮ್ಮ ಮನೆತನದ್ದೇ. ನಾನು ಯಾವ ಮಾತ್ರೆನೂ ನುಂಗಿರ್ಲಿಲ್ಲ. ಇವರೆಲ್ಲರ ಮುಂದೆ ಕ್ಷಮೆ ಕೇಳಿ."

ರಕ್ತಸಂಬಂಧಿಗಳನ್ನೂ ಪರೀಕ್ಷಿಸಬೇಕು ಎಂದು ಬರೆದಿದ್ದ ಸಾಲಿನ ಮೇಲೆ ಅವನ ಬೆರಳು ನಿಂತುಬಿಟ್ಟಿತ್ತು.

"ಹೋದ ವರ್ಷ ನನ್ನ ಮಗಳು ತೀರ್ಕೊಂಡ್ಳಲ್ಲ," ಎಂದ, "ಅದರ ಹಿಂದಿನ ದಿನ, ಕಾಲೇಳ್ತಿಲ್ಲ ಅಪ್ಪ ಅಂತ ಅತ್ಲು. ನಾಟಕ ಸಾಕು ಅಂತ ಗದರಿಸಿ ಕಳಿಸ್ದೆ."