ಮೈಮುನಾಳ ಗುರುವಾರ

ಕಂಬದ ಮರೆಯಿಂದ ಬಿರಾಮ್‌ಗೆ ಕಂಡದ್ದು ಹೆಂಡತಿಯ ನಗು ಮಾತ್ರ. ಎದುರಿಗೆ ಕೂತವರ ಮುಖ ಕಾಣಲಿಲ್ಲ. ಮೈಮುನಾ ಮೀನಿನ ಮುಳ್ಳು ಬಿಡಿಸಿ, ಮೆತ್ತನೆಯ ತುಂಡನ್ನು ಆಚೆಗೆ ಸರಿಸಿದಳು. ಮದುವೆಯಾದಂದಿನಿಂದ ಆ ತುಂಡು ಅವನದಾಗಿತ್ತು.

ಗುರುವಾರ ಬಂತೆಂದರೆ ಅವಳು ಅತ್ತರು ಹಚ್ಚಿಕೊಂಡು 'ಚಿಕ್ಕಮ್ಮನ ಮನೆ'ಗೆ ಹೊರಡುತ್ತಿದ್ದಳು. ಗುರುವಾರ ಬಿರಾಮ್ ಅವಳ ಮನೆಗೂ ಹೋಗುತ್ತಿರಲಿಲ್ಲ, ಎರಡನೆಯ ಹೆಂಡತಿ ಸೊಖ್ನಾಳ ಮನೆಗೂ ಹೋಗುತ್ತಿರಲಿಲ್ಲ. ಬಟ್ಟೆ ಅಂಗಡಿಯಲ್ಲಿ ಕೆಲಸವೆಂದು ಇಬ್ಬರಿಗೂ ಹೇಳಿದ್ದ. ಒಬ್ಬಳ ಹೆಸರೆತ್ತಿದರೆ ಇನ್ನೊಬ್ಬಳು ಉರಿದುಬೀಳುತ್ತಿದ್ದಳು. ಅದಕ್ಕೇ ಡಾಕಾರ್ ನಗರದ ಎರಡು ತುದಿಗಳಲ್ಲಿ ಎರಡು ಮನೆ ಮಾಡಿದ್ದ.

ಈ ಗುರುವಾರ ಅವನ ಸಂಜೆ ಇದ್ದಕ್ಕಿದ್ದಂತೆ ಬಿಡುವಾಗಿತ್ತು. ಮೈಮುನಾಳ ಟ್ಯಾಕ್ಸಿಯ ಹಿಂದೆಯೇ ಬಂದ. ಅದು ನಿಂತದ್ದು ಸಮುದ್ರದಂಚಿನ ಈ ದುಬಾರಿ ಹೋಟೆಲಿನ ಮುಂದೆ. ಹೊಲದಲ್ಲೂ ಕಡಲಲ್ಲೂ ಆಯಾ ವಾರ ಸಿಕ್ಕಿದ್ದನ್ನಷ್ಟೇ ಇಲ್ಲಿ ಬಡಿಸುತ್ತಿದ್ದರು.

ಮಾಣಿ ಬಂದ. "ಕಾಸಮಾನ್ಸ್ ಕಡೆಯ ಮಾವು ಇವತ್ತೇ ಬಂದಿದೆ ಸಾರ್. ತರ್ಲಾ?"

"ಬೇಡ. ಹೊಟ್ಟೆ ಉರೀತಿದೆ."

"ಇನ್ನೂ ಏನೂ ಬಡಿಸೇ ಇಲ್ವಲ್ಲ ಸಾರ್."

"ಆ ಕಿಟಕಿ ಹತ್ರದವರು ಯಾರು?"

"ಅವರಾ? ಪ್ರತಿ ಗುರುವಾರ ಬರ್ತಾರೆ. ಒಬ್ಬರನ್ನ ಬಿಟ್ಟು ಒಬ್ಬರು ತುತ್ತು ಎತ್ತಲ್ಲ."

ಮೈಮುನಾ ಕೈ ಚಾಚಿ ಎದುರಿನವರ ಗಲ್ಲ ಒರೆಸಿದಳು. ಬಿರಾಮ್ ಇನ್ನು ತಡೆಯಲಾರದೆ ಎದ್ದ. ಎರಡು ಹೆಜ್ಜೆಗೆ ಕಂಬ ದಾಟಿ, ಮುಷ್ಟಿ ಬಿಗಿದು ಮೇಜಿನ ಮುಂದೆ ನಿಂತ.

ಎದುರಿಗಿದ್ದವಳು ಸೊಖ್ನಾ.

"ನಿಮಗಿಬ್ಬರಿಗೂ ಜಗಳ ಅಲ್ವಾ?" ಎಂದು ತೊದಲಿದ.

"ಜಗಳ ಆಡಿದ್ದಕ್ಕೇ ತಾನೆ ಬೇರೆ ಬೇರೆ ಮನೆ ಸಿಕ್ಕಿದ್ದು," ಎಂದಳು ಸೊಖ್ನಾ. "ಅಕ್ಕನ ಉಪಾಯ."

ಎದುರಿಗಿದ್ದದ್ದು ಗಂಡಸಲ್ಲವೆಂದು ತಿಳಿದೂ ಅವನ ಸಂಕಟ ಇಳಿಯಲಿಲ್ಲ, ಇಮ್ಮಡಿಯಾಯಿತು. ಇಬ್ಬರಲ್ಲಿ ಒಬ್ಬಳೂ ಅವನೆದುರು ಹೀಗೆ ನಕ್ಕಿರಲಿಲ್ಲ.

"ನಿಂತೇ ಇದ್ದೀರಲ್ಲ, ಕೂತ್ಕೊಳ್ಳಿ," ಎಂದಳು ಮೈಮುನಾ. "ಮೂರು ಮಾವು ಹೇಳಿದ್ವಿ, ನಾಲ್ಕು ಮಾಡ್ಸಿದ್ರಾಯ್ತು."

"ಇರೋದು ಇಬ್ಬರು. ಮೂರು ಯಾಕೆ?"

ಅಷ್ಟರಲ್ಲಿ ಕೈ ತೊಳೆದು ಬಂದವಳು ಯಾಂದೆ. ಎರಡೂ ಮನೆಗೆ ಗೊತ್ತಾಗದಂತೆ ಅವನು ಪ್ರತಿ ಗುರುವಾರ ಭೇಟಿಯಾಗುತ್ತಿದ್ದ ಹುಡುಗಿ. ತಲೆನೋವೆಂದು ಇವತ್ತು ಬರುವುದಿಲ್ಲವೆಂದಿದ್ದಳು. ಮುಂದಿನ ತಿಂಗಳು ಅವನ ಮೂರನೆಯ ಹೆಂಡತಿಯಾಗಬೇಕಾದವಳು. ಅವನತ್ತ ನೋಡದೆ ಕುರ್ಚಿ ಎಳೆದುಕೊಂಡು ಮೈಮುನಾಳನ್ನು ಕೇಳಿದಳು:

"ನಾನು ಒಲ್ಲೆ ಅಂದಿದ್ದನ್ನ ಇವರಿಗೆ ಹೇಳಿಬಿಟ್ರಾ ಅಕ್ಕಾ?"