ಸಾವಿರನೆಯ ಡಬ್ಬಿ

ನೀರು ನುಗ್ಗದ ಉಕ್ಕಿನ ಡಬ್ಬಿಗೆ ಮುನ್ನೂರು ರ‍್ಯಾಂಡ್. ತಿಂದು ಮುಗಿಸಿದ ಶೇಂಗಾ ಬೆಣ್ಣೆಯ ಬಾಟಲಿಗೆ ಬಿಡಿಗಾಸೂ ಇಲ್ಲ. ಹೋದ ಬೇಸಿಗೆಯಲ್ಲಿ ಹಳೆಯ ಡಬ್ಬಿಗೆ ತುಕ್ಕು ಹಿಡಿದಾಗ ಲೆನಾ ಕಪೀಡೊ ಬಾಟಲಿಯನ್ನೇ ಮೂರು ಸಲ ತೊಳೆದು ಬೆಟ್ಟಕ್ಕೆ ಒಯ್ದಿದ್ದಳು. ಈಗ ಪಿಂಚಣಿಯಲ್ಲಿ ಉಳಿಸಿ ಉಕ್ಕಿನದನ್ನು ಕೊಂಡು ಹತ್ತಿ ಬಂದರೆ, ತೊರೆಯ ಅಂಚಿನಲ್ಲಿ ಬಾಟಲಿಯ ಕೆಂಪು ಮುಚ್ಚಳ ಮಾತ್ರ ಬಿದ್ದಿತ್ತು. ಅದರ ಸುತ್ತಲೂ ಬಬೂನ್ ಕೋತಿಯ ಹಲ್ಲಿನ ಗುರುತು.

"ತೊಳೆದ್ರೆ ನಮ್ಮ ಮೂಗಿಗೆ ವಾಸನೆ ಬರಲ್ಲ, ಕೋತಿ ಮೂಗಿಗೆ ಬರದೇ ಇರುತ್ತಾ?" ಅಂದಳು. "ತಿಂಡಿ ಡಬ್ಬ ಇಡಬೇಡ್ರಪ್ಪ ಅಂತ ಎಲ್ಲರಿಗೂ ಪಾಠ ಹೇಳ್ದೋಳು ನಾನು. ನೋಡು ಇಸಾಕಣ್ಣ, ನನ್ನ ಬುದ್ಧಿ."

ಜೊತೆಗೆ ಹತ್ತಿ ಬಂದಿದ್ದ ಇಸಾಕ್ ಯಾನುವಾರಿ ಎಪ್ಪತ್ತೊಂದು ವರ್ಷದ ಮಾಜಿ ಬಸ್ ಚಾಲಕ. ದಾರಿಯುದ್ದಕ್ಕೂ ಹರಟುತ್ತ ಬಂದವನು ಈಗ ಬಂಡೆಯ ಮೇಲೆ ಕೂತು ಕಟ್ಟಿದ್ದ ಬೂಟಿನ ದಾರವನ್ನೇ ಬಿಚ್ಚಿ ಕಟ್ಟುತ್ತಿದ್ದ.

ಕೇಪ್ ಸೀಮೆಯ ಆ ಬೆಟ್ಟದಲ್ಲಿ ಲೆನಾ ಡಬ್ಬಿ ಬಚ್ಚಿಟ್ಟು ಒಂಬತ್ತು ವರ್ಷವಾಗಿತ್ತು. ಜಾಗದ ಅಕ್ಷಾಂಶ-ರೇಖಾಂಶದ ಅಂಕಿಗಳನ್ನು ಫೋನಿನಲ್ಲಿ ನೋಡಿಕೊಂಡು ಜನ ಹತ್ತಿ ಬರುವರು, ಹುಡುಕುವರು, ಸಿಕ್ಕರೆ ಒಳಗಿನ ಪುಸ್ತಕದಲ್ಲಿ ಹೆಸರು ಬರೆದು ಇದ್ದಂತೆಯೇ ಇಟ್ಟು ಹೋಗುವರು. ಸಿಕ್ಕಿತೋ ಇಲ್ಲವೋ ಎಂಬುದನ್ನು ಫೋನಿನಲ್ಲಿ ಎಲ್ಲರೂ ನೋಡುವ ಪುಟದಲ್ಲೂ ಬರೆಯುವರು. ಆಟ ಅಷ್ಟೇ; ಇಂಥ ಡಬ್ಬಿಗಳು ಬೇರೆ ಕಡೆಗಳಲ್ಲೂ ಸಾವಿರಾರು ಇದ್ದವು, ಎಷ್ಟು ಸಿಕ್ಕವೆಂದು ಆಡುವವರು ಲೆಕ್ಕ ಇಡುತ್ತಿದ್ದರು. ಹಣ್ಣಿನ ಗೋದಾಮಿನಲ್ಲಿ ಮೂವತ್ತು ವರ್ಷ ಮೇಸ್ತ್ರಿಯಾಗಿದ್ದ ಲೆನಾ ಅದನ್ನೂ ಗೋದಾಮಿನಷ್ಟೇ ಕಟ್ಟುನಿಟ್ಟಾಗಿ ನಡೆಸಿದಳು. ಮೂರು ತಿಂಗಳಿಗೊಮ್ಮೆ ಹತ್ತುವಳು. ಒಂದೇ ಕಡೆಯಿಂದ ಹೋದರೆ ಹುಲ್ಲು ಸವೆದು ಕಾಲುದಾರಿ ಬಿದ್ದು ಗುಟ್ಟು ರಟ್ಟಾಗುತ್ತದೆಂದು ಪ್ರತಿ ಸಲ ಬೇರೆ ಕಡೆಯಿಂದ. ಶಾಯಿ ಹರಡುತ್ತದೆಂದು ಪೆನ್ಸಿಲ್ ಮಾತ್ರ. ಹಾಳೆ ತೇವವಾಗಿದ್ದರೆ ಮನೆಗೆ ತಂದು, ಬಟ್ಟೆಯ ನಡುವೆ ಇಟ್ಟು ಹಗುರಾಗಿ ಇಸ್ತ್ರಿ ಮಾಡುವಳು. ಪುಸ್ತಕದಲ್ಲಿ ಇನ್ನೂರ ಹದಿನಾಲ್ಕು ಹೆಸರುಗಳಿದ್ದವು. ಒಬ್ಬಾಕೆ, 'ಮಂಡಿ ಆಪರೇಷನ್ ಆದ ಮೇಲೆ ಇದೇ ಮೊದಲ ಬೆಟ್ಟ' ಎಂದು ಬರೆದಿದ್ದಳು. ಅಂಥವನ್ನು ಲೆನಾ ಮತ್ತೆ ಮತ್ತೆ ಓದುತ್ತಿದ್ದಳು.

ಪುಸ್ತಕ ಸಿಕ್ಕಿದ್ದು ತೊರೆಯ ಕೆಳಗಿನ ಪೊದೆಯಲ್ಲಿ, ಒಡೆದ ಬಾಟಲಿಯ ಪಕ್ಕ. ಹಾಳೆ ಬಿಡಿಸಲು ಹೋದರೆ ಗಂಜಿಯಂತೆ ಬೆರಳಿಗಂಟಿತು. ಒಂದು ಹೆಸರೂ ಉಳಿದಿರಲಿಲ್ಲ. ಅವಳು ಅದನ್ನು ಕೈವಸ್ತ್ರದಲ್ಲಿ ಕಟ್ಟಿಕೊಂಡಳು. ಮೇಲೆ ಬಂದು ಬಾಟಲಿಯಿಟ್ಟಿದ್ದ ಬಂಡೆಯ ಬಿರುಕಿಗೆ ಕೈ ಹಾಕಿದಳು. ಅಲ್ಲೊಂದು ಐಸ್‌ಕ್ರೀಮಿನ ಡಬ್ಬಿ. ಒಳಗೆ ಹೊಸ ಪುಸ್ತಕ, ಮೊದಲ ಹಾಳೆಯಲ್ಲಿ ಒಂದೇ ಹೆಸರು: ಇಸಾಕ್ ಯಾನುವಾರಿ.

"ಇದು ನಾನಿಟ್ಟಿದ್ದಲ್ಲ," ಅಂದಳು.

"ನಾನಿಟ್ಟಿದ್ದು. ಹೇಳ್ಬಿಡೋಣ ಅಂತಾನೇ ನಿನ್ನ ಜೊತೆ ಹೊರಟೆ, ಬಾಯಿ ಬರ್ಲಿಲ್ಲ." ಇಸಾಕ್ ದಾರ ಬಿಟ್ಟ. "ಅವತ್ತು ಎರಡು ಗಂಟೆ ಹುಡುಕ್ದೆ ಕಣಮ್ಮ. ಸಿಗ್ಲಿಲ್ಲ. ಅದು ನನ್ನ ಸಾವಿರನೇ ಡಬ್ಬಿ. ಕೆಳಗೆ ನಮ್ಮ ಆಟದ ಕ್ಲಬ್ಬಿನವರು ಕೇಕ್ ಇಟ್ಕೊಂಡು ಕಾಯ್ತಿದ್ರು, ಕೇಕ್ ಮೇಲೆ ಸಾವಿರ ಅಂತ ಬೇರೆ ಬರ್ಸಿದ್ರು. ಬರಿಗೈಲಿ ಹೆಂಗೆ ಇಳೀಲಿ?"

"'ಸಿಕ್ಕಿತು, ಎಲ್ಲ ಸರಿಯಾಗಿದೆ' ಅಂತ ಫೋನಲ್ಲಿ ಬರೆದೆ ನೀನು," ಅಂದಳು ಲೆನಾ. "ನಿನಗಿಂತ ಮುಂಚೆ ಇಬ್ಬರು ಸಿಗ್ಲಿಲ್ಲ ಅಂದಿದ್ರು. ನಾನು ಮಾರನೇ ದಿನ ನೋಡೋಕೆ ಹತ್ತೋಳಿದ್ದೆ, ನಿನ್ನ ಮಾತು ನೋಡಿ ಸುಮ್ಮನಾದೆ."

ಆಮೇಲೆ ಹತ್ತು ದಿನ ಬಿಡದೆ ಮಳೆ ಹೊಡೆದಿತ್ತು. ಪುಸ್ತಕ ಅಷ್ಟೂ ದಿನ ಪೊದೆಯಲ್ಲಿ ನೆನೆದಿತ್ತು.

ಲೆನಾ ಫೋನ್ ತೆಗೆದು, ಒಂದೊಂದೇ ಅಕ್ಷರ ಒತ್ತುತ್ತ, ಎಲ್ಲರೂ ನೋಡುವ ಪುಟದಲ್ಲಿ ಬರೆದಳು. ಬರೆದದ್ದನ್ನು ಗಟ್ಟಿಯಾಗಿ ಓದಿದಳು: "ಪುಸ್ತಕ ಹಾಳಾಯಿತು. ವಾಸನೆಯ ಬಾಟಲಿ ಇಟ್ಟವಳು ನಾನು, ತಪ್ಪು ನನ್ನದು. ಹೆಸರು ಬರೆದ ಎಲ್ಲರ ಕ್ಷಮೆ ಕೇಳುತ್ತೇನೆ."

ಇಸಾಕ್ ಬಗ್ಗಿ ಅವಳ ಫೋನ್ ನೋಡಿದ. "ನನ್ನದು ಬರೀಲಿಲ್ವಾ?"

"ನನ್ನದು ನಾನು ಬರೆದೆ. ನಿನ್ನ ಹತ್ರಾನೂ ಫೋನಿದೆ."

ಅವನು ಫೋನ್ ತೆಗೆದ. ಈ ಹೆಂಗಸು ಕೂಗಾಡಿದ್ದರೆ ಅವನಿಗೆ ಸಲೀಸಾಗುತ್ತಿತ್ತು. ಕೊನೆಗೆ ಕನ್ನಡಕ ಹಾಕಿಕೊಂಡ.

"ಅಳಿಸೋ ಗುಂಡಿ ಯಾವುದು?"

"ಮೂಲೇಲಿ, ಕಸದಬುಟ್ಟಿ ಚಿತ್ರ."

"ಕೇಕ್ ತಿಂದಾಗಿದೆಯಲ್ಲ, ಮಾರಾಯ್ತಿ."

"ಕೇಕನ್ನ ಯಾರೂ ವಾಪಸ್ ಕೇಳಲ್ಲ. ಒತ್ತು."

ಒತ್ತಿದ. ಮತ್ತೆ ಏನೋ ಬರೆದ. ಅವನು ಓದಿ ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಚೀಲದಿಂದ ಉಕ್ಕಿನ ಡಬ್ಬಿ, ಹೊಸ ಪುಸ್ತಕ, ಎರಡು ಪೆನ್ಸಿಲ್ ಹೊರಗೆ ಬಂದವು. ಲೆನಾ ಪೆನ್ಸಿಲ್‌ಗಳನ್ನು ಚಾಕುವಿನಲ್ಲಿ ಚೂಪು ಮಾಡಿದಳು.

"ಇದಕ್ಕೆ ಬೇರೆ ಜಾಗ ನೋಡ್ಬೇಕು," ಅಂದಳು. "ಈ ಬಿರುಕು ಕೋತಿಗಳಿಗೆ ಗೊತ್ತಾಗೋಯ್ತು."

ಇಸಾಕ್ ಎದ್ದ. ಡಬ್ಬಿಯ ದುಡ್ಡು ಕೊಡಲೆಂದು ಜೇಬಿನತ್ತ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ತೊರೆಯ ಕಡೆ ತಿರುಗಿ, ಅವಳಿಗೆ ಬೆನ್ನು ಹಾಕಿ ಕೂತು, ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡ.

"ದೂರ ಇಡು, ಇನ್ನೊಂದಿನ ಬಂದು ಹುಡುಕ್ತೀನಿ," ಟೋಪಿಯೊಳಗಿಂದ ಕೂಗಿದ. "ಮುದುಕ ಅಂತ ಕನಿಕರ ತೋರಿಸಬೇಡ."

"ತೋರಿಸಲ್ಲ."

ಸದ್ದು ಕೇಳಿ ದಿಕ್ಕು ತಿಳಿದಾನೆಂದು ಲೆನಾ ಕಲ್ಲುಗಳ ಮೇಲೆ ಬೇಕೆಂದೇ ಮೂರು ಸುತ್ತು ಹೊಡೆದಳು. ಅವಳು ಭುಜ ಮುಟ್ಟುವವರೆಗೂ ಇಸಾಕ್ ಟೋಪಿ ಸರಿಸಲಿಲ್ಲ.

ಒಂಬತ್ತು ವರ್ಷದ ಪುಸ್ತಕ ಹೋಯಿತು. ಇಸಾಕನ ಲೆಕ್ಕ ಒಂಬೈನೂರ ತೊಂಬತ್ತೊಂಬತ್ತಕ್ಕೆ ಇಳಿಯಿತು. ಬೆಟ್ಟದಿಂದ ಇಬ್ಬರೂ ಒಟ್ಟಿಗೇ ಇಳಿದರು; ಡಬ್ಬಿ ಎಲ್ಲಿದೆ ಎಂಬುದು ಒಬ್ಬಳಿಗೆ ಮಾತ್ರ ಗೊತ್ತಿತ್ತು.