ಒಂದೇ ಗುಂಡು

ಮರಳುಗಾಡಿನ ಬೋಳು ಬೆಟ್ಟಗಳಲ್ಲಿ ಮೂರು ದಿನ ಅಲೆದ ಮೇಲೆ ಕೊನೆಗೂ ಜಿಂಕೆಯೊಂದು ಕಂಡಿತು. ಧಣಿ ಕೋವಿ ಎತ್ತಿದ. ದಾರಿ ತೋರಿಸಲು ಬಂದಿದ್ದ ಮುದುಕ ಕೈ ಅಡ್ಡ ಹಿಡಿದ.

“ಈಗ ಬ್ಯಾಡ್ರಿ ಧಣ್ಯಾರ. ಸಂಜೀಕ ನೀರಿಗೆ ಈ ಕಡೀಗೇ ಬರ್ತೈತಿ. ಬರಲಿ.”

“ಯಾಕ, ನನ್ನ ಗುರಿ ಮ್ಯಾಲ ನಂಬಿಕಿ ಇಲ್ಲೇನು? ನಿನ್ನಂಥ ಅಂಜುಬುರುಕರು ಹಿಂಗ ಕಾಯ್ಕೋತ ಕುಂತೇ ಮುದುಕರಾಗ್ತಾರ!”

ಗುಂಡು ಹಾರಿತು. ಜಿಂಕೆ ನಿಂತಲ್ಲೇ ಉರುಳಿತು. ಧಣಿ ಮೀಸೆ ತಿರುವಿದ.

“ನೋಡಿದ್ಯಾ? ಒಂದೇ ಗುಂಡು! ಹೋಗು, ಹೊತ್ಕೊಂಡು ಬಾ.”

ಮುದುಕ ಕಾಲಡಿ ಬಾಯ್ದೆರೆದಿದ್ದ ಪಾತಾಳದಂಥ ಕಮರಿಯನ್ನೊಮ್ಮೆ, ಅದರಾಚೆ ಬಿದ್ದಿದ್ದ ಜಿಂಕೆಯನ್ನೊಮ್ಮೆ ನೋಡಿದ. ಬಂಡೆಗೊರಗಿ ಕೂತು ನಿಧಾನಕ್ಕೆ ತಂಬಾಕು ತಿಕ್ಕತೊಡಗಿದ.

“ಗುರಿ ಭಾಳ ಚಲೋ ಐತ್ರಿ ಧಣ್ಯಾರ. ಜಿಂಕಿ ಇಳಿದು ಹತ್ತೋ ದಾರಿ ಮನಷ್ಯಾರಿಗಲ್ಲ; ನಮಗ ಅಲ್ಲಿ ಮುಟ್ಟಾಕ ಎರಡು ದಿನದ ಸುತ್ತು. ಅಷ್ಟರಾಗ ಹದ್ದುಗಳು ಉಂಡು ಕೈ ತೊಳ್ಕೊಂಡಿರ್ತಾವು.”